ಕಿವಿ ಚುಚ್ಚುವ ಮೊದಲು ಹೊಟ್ಟೆ ಕೇಳುವ ಪತ್ತಾರ

ವಿಶಾಖಪಟ್ಟಣದ ಹಳೇ ಊರು, ಕುರುಪಾಂ ಮಾರ್ಕೆಟ್ಟಿನ ಹಿಂದಿನ ಸಣ್ಣ ಓಣಿ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಆಗಲೇ ಮೀನಿನ ಬುಟ್ಟಿ ಹೊತ್ತ ಹೆಂಗಸರು ಒಬ್ಬರಿಗೊಬ್ಬರು ಕೂಗಿಕೊಂಡು ಸಾಗುತ್ತಿದ್ದಾರೆ. ಬೆಳಗಿನ ಜಾವ ಏಳುವುದೆಂದರೆ ನನಗೆ ಮೈಯೆಲ್ಲ ಉರಿ. ಆದರೆ ಅಕ್ಕಸಾಲಿ ಪುಂಡಲೀಕ ಪತ್ತಾರರು ಕಿವಿ ಚುಚ್ಚುವುದು ಈ ಹೊತ್ತಿನಲ್ಲೇ. ನೋಡಬೇಕಾದರೆ ನಾನೇ ಏಳಬೇಕು, ಅವರೇನೂ ಪೇಪರಿಗೆ ಬರೆಯುವವಳಿಗಾಗಿ ಕಾಯುವವರಲ್ಲ. "ಈಗ ಕೂಸು ನಿದ್ದಿಗಣ್ಣಾಗ ಇರ್ತೈತ್ರಿ. ಕಿವಿ ತಣ್ಣಗ ಇರ್ತಾವು. ಬಿಸಲೇರಿದ ಮ್ಯಾಲೆ ಅದೂ ಸಿಟ್ಟಿಗೇಳ್ತೈತಿ, ನನ್ನ ಕೈನೂ ಬೆವರ್ತೈತಿ" ಎನ್ನುತ್ತಾರೆ.

ಜಗಲಿಯ ಮೇಲೆ ಚಾಪೆ. ಗೋಡೆಗೆ ಬೆನ್ನು ಕೊಟ್ಟು ಕೂತ ಪತ್ತಾರರ ತೊಡೆಯ ಮೇಲೆ ಎರಡು ವರ್ಷದ ಹೆಣ್ಣುಮಗು. ನೌಕಾಪಡೆಯ ಕ್ವಾರ್ಟರ್ಸಿನಿಂದ ತಾಯಿ ಮತ್ತು ಅಜ್ಜಿ ಆಟೋದಲ್ಲಿ ಕರೆತಂದಿದ್ದಾರೆ, ಮಂಡ್ಯ ಕಡೆಯವರು. ಪಕ್ಕದಲ್ಲಿ ಪುಟ್ಟ ಬಟ್ಟಲಲ್ಲಿ ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ, ತುದಿ ಚೂಪು ಮಾಡಿದ ಚಿನ್ನದ ತಂತಿ, ಮಗುವಿನ ಬಾಯಿಗಿಡಲು ಅನಕಾಪಲ್ಲಿ ಬೆಲ್ಲದ ಚೂರು. ಎಲ್ಲ ಸಿದ್ಧ. ಆದರೆ ಪತ್ತಾರರು ತಂತಿ ಮುಟ್ಟುವುದಿಲ್ಲ. ತಾಯಿಯ ಕಡೆ ತಿರುಗಿ ಕೇಳುತ್ತಾರೆ: "ತಂಗೀ, ಕೂಸಿನ ಹೊಟ್ಟಿ ಹೆಂಗೈತವಾ? ದಿನಕ್ಕ ಎಷ್ಟು ಸಲ ಹೋಗ್ತೈತಿ? ನೆತ್ತರಾ ಗಿತ್ತರಾ ಕಂಡೈತೇನು?"

ತಾಯಿ ನಾಚಿ ನೆಲ ನೋಡುತ್ತಾಳೆ. ಅಜ್ಜಿಗೆ ಬಂತು ನೋಡಿ ಸಿಟ್ಟು. "ಅಲ್ಲ ಸ್ವಾಮಿ, ನಾವು ಕಿವಿ ಚುಚ್ಸೋಕೆ ಬಂದಿರೋದೋ, ಭೇದಿ ತೋರ್ಸೋಕೆ ಬಂದಿರೋದೋ?" ಪತ್ತಾರರು ಮಗುವಿನ ಬಾಯಿ ಬಿಡಿಸಿ ಒಳಗೆ ಹುಣ್ಣಿದೆಯೇ ನೋಡುತ್ತಾರೆ. ಲಂಗ ಎತ್ತಿ ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ. ಎಡಗಾಲಿನಲ್ಲಿ ಒಂದು ಕೆಂಪು ಗುಳ್ಳೆ ಸಿಕ್ಕಿತು. ಸೊಳ್ಳೆ ಕಡಿದದ್ದೆಂದು ನನಗೂ ಗೊತ್ತಾಗುತ್ತದೆ, ಅಜ್ಜಿಗಂತೂ ಗೊತ್ತೇ ಇದೆ. "ಇದು ಮಾಯಲಿ. ಆಮ್ಯಾಲೆ ಬರ್ರಿ" ಎಂದು ಮಗುವಿನ ಕೈಗೆ ಬೆಲ್ಲ ಕೊಟ್ಟು ತೊಡೆಯಿಂದ ಇಳಿಸಿಯೇ ಬಿಟ್ಟರು.

"ಇನ್ನೇನು, ಒಳ್ಳೇ ಹೊತ್ತು ಮೀರೋಯ್ತು. ಬಾರೇ, ಬಜಾರಿನಲ್ಲಿ ಬೇರೆ ಆಚಾರಿ ಇದ್ದಾನೆ" ಎಂದು ಅಜ್ಜಿ ಸೊಸೆಯನ್ನೂ ಮಗುವನ್ನೂ ಎಳೆದುಕೊಂಡೇ ಹೊರಟರು. ಒಳಗಿನಿಂದ ಪತ್ತಾರರ ಹೆಂಡತಿ ನಾಗಮ್ಮ ಚಹಾ ಹಿಡಿದುಕೊಂಡು ಬರುತ್ತಾರೆ. "ನೋಡಿದ್ರೇನ್ರೀ ಬಾಯಾರ? ಡಾಕ್ಟರ್ ಸಾಹೇಬ್ರು ಬೋಣಿಗಿ ವಾಪಸ್ ಕಳಿಸಿದ್ರು. ಎಂಟೊಂಬತ್ತು ವರ್ಷ ಆತು, ದಿನಾ ಇದ ಹಾಡು." ಪತ್ತಾರರು ನಗುತ್ತಾರೆ, ಆದರೆ ಆ ನಗು ಮುಖದ ತುಂಬ ಹರಡುವುದಿಲ್ಲ.

ಪೂರ್ವ ಕರಾವಳಿಯ ಕನ್ನಡಿಗರ ಬಗ್ಗೆ ಬರೆಯಲು ಬಂದ ನನಗೆ ನೌಕಾಪಡೆಯ ಮನೆಗಳಲ್ಲಿ ಎಲ್ಲರೂ ಹೇಳಿದ್ದು ಒಂದೇ ಹೆಸರು: ಪತ್ತಾರ ಮಾವ. ಹೇಳಿದವರಲ್ಲಿ ಅರ್ಧ ಜನ ಪ್ರೀತಿಯಿಂದ ಹೇಳಿದರು, ಇನ್ನರ್ಧ ಜನ ತಲೆಯ ಹತ್ತಿರ ಬೆರಳು ತಿರುಗಿಸಿ ಹೇಳಿದರು. ಕಿವಿ ಚುಚ್ಚುವವನಿಗೆ ಮಕ್ಕಳ ಹೊಟ್ಟೆಯ ಉಸಾಬರಿ ಏಕೆ ಎಂಬುದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕೇಳುವ ಗೋಜಿಗೆ ಯಾರೂ ಹೋಗಿಯೂ ಇಲ್ಲ. ನಾನು ಕೇಳಿದೆ. ಕೇಳಿದ ಮೇಲೆ ಎರಡು ದಿನ ಊಟ ಸೇರಲಿಲ್ಲ.

ಪತ್ತಾರರು ಬಾದಾಮಿ ಹತ್ತಿರದ ಕೆರೂರಿನವರು. ತಂದೆ, ಅಜ್ಜ ಎಲ್ಲ ಅಕ್ಕಸಾಲಿಗಳೇ. ಅಣ್ಣ ನೌಕಾಪಡೆಯಲ್ಲಿ ಅಡುಗೆಯವನಾಗಿ ಸೇರಿ ವಿಶಾಖಪಟ್ಟಣಕ್ಕೆ ಬಂದ. ಊರಲ್ಲಿ ಬಂಗಾರ ಮಾಡಿಸುವವರು ಕಡಿಮೆಯಾದಾಗ ತಮ್ಮನನ್ನೂ ಕರೆಸಿಕೊಂಡ. ತೆಲುಗು ಬಾರದ ಹುಡುಗ ದೊಡ್ಡ ಅಂಗಡಿಯೊಂದರ ಹಿಂಭಾಗದಲ್ಲಿ ಊದುಗೊಳವೆ ಹಿಡಿದು ಕೂತ. ಹಾಗೇ ಇದ್ದುಬಿಡುತ್ತಿದ್ದರೋ ಏನೋ, ಒಂದು ದಿನ ಅಣ್ಣನ ಗೆಳೆಯನ ಹೆಂಡತಿ ಕೂಸನ್ನು ಎತ್ತಿಕೊಂಡು ಬಂದು ಅಳುತ್ತ ನಿಂತಳಂತೆ.

ನಮ್ಮಲ್ಲಿ ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಮೊದಲ ಚಿನ್ನದ ತಂತಿಯೂ ಮಾವನದೇ. ಆ ಹೆಣ್ಣುಮಗಳ ಗಂಡ ಹಡಗಿನಲ್ಲಿ, ಅಣ್ಣ ಗದಗಿನಲ್ಲಿ. ರೈಲು ಬದಲಿಸಿ ಬದಲಿಸಿ ಅವನು ಬರುವುದು ಯಾವ ಕಾಲಕ್ಕೆ? "ಅಳಬ್ಯಾಡ ತಂಗಿ. ಇವತ್ತ ನಾನ ಮಾವ" ಎಂದು ಪುಂಡಲೀಕ ಕೂಸನ್ನು ತಮ್ಮ ತೊಡೆಯ ಮೇಲೆಯೇ ಕೂರಿಸಿಕೊಂಡು, ಎಡಗೈಯಲ್ಲಿ ತಬ್ಬಿ, ಬಲಗೈಯಲ್ಲಿ ಚುಚ್ಚಿದರು. ಜೊತೆಯ ಅಕ್ಕಸಾಲಿಗಳು ಗೇಲಿ ಮಾಡಿದರಂತೆ. ಎದುರಿಗೆ ಕೂತು ಚುಚ್ಚುವುದೇ ಕಷ್ಟ, ತೊಡೆಯ ಮೇಲಿರುವ ಮಗುವಿನ ಕಿವಿ ಸರಿಯಾಗಿ ಕಾಣುವುದಾದರೂ ಹೇಗೆ? ಪತ್ತಾರರು ಅದನ್ನೂ ರೂಢಿಸಿಕೊಂಡರು. ಕೂಲಿ ತೆಗೆದುಕೊಳ್ಳುತ್ತಿದ್ದರು, ತಂತಿಗೆ ಮಾತ್ರ ಏನೂ ಮುಟ್ಟುತ್ತಿರಲಿಲ್ಲ. ಮಾವನಾದವನು ತಂತಿಗೆ ದುಡ್ಡು ತೆಗೆದುಕೊಳ್ಳುವುದುಂಟೇ?

ಹೀಗೆ ನೌಕಾಪಡೆಯವರ, ಬ್ಯಾಂಕಿನವರ ಮಕ್ಕಳಿಗೆಲ್ಲ ಇವರು ಮಾವನಾದರು. ಚುಚ್ಚಿದ ಕಿವಿ ಕೀವಾಯಿತು ಅಂತ ಒಬ್ಬರೂ ಬರಲಿಲ್ಲ. "ಪತ್ತಾರರ ಕೈಗುಣ" ಎಂಬ ಮಾತು ಕ್ವಾರ್ಟರ್ಸಿನಲ್ಲಿ ಬಾಯಿಂದ ಬಾಯಿಗೆ ಹೋಯಿತು. ಮಾಘದಲ್ಲಿ ಈ ಓಣಿಯಲ್ಲಿ ಆಟೋ, ಸೈಕಲ್ ರಿಕ್ಷಾ ಸಾಲು ನಿಲ್ಲುತ್ತಿದ್ದವು ಎಂದು ನಾಗಮ್ಮ ಇವತ್ತಿಗೂ ಕೈ ಚಾಚಿ ತೋರಿಸುತ್ತಾರೆ. "ಗರ್ವ ಬಂದಿತ್ತ್ರಿ ನನಗ. ಸುಳ್ಳ್ಯಾಕ ಹೇಳ್ಲಿ? ನನ್ನ ಕೈ ಮುಟ್ಟಿದ್ದು ಮಾಯದ ಇರಂಗಿಲ್ಲ ಅಂತ ತಿಳಕೊಂಡಿದ್ದೆ" ಎಂದು ಪತ್ತಾರರು ಹೇಳುತ್ತಾರೆ.

ಎಂಬತ್ತೈದರಲ್ಲಿ ಬಂದವಳು ಸುಲೋಚನಾ. ತಿಪಟೂರಿನ ನರಸಿಂಹಮೂರ್ತಿ ಎಂಬ ಬ್ಯಾಂಕ್ ಅಧಿಕಾರಿಯ ಮಗಳು, ಅಜ್ಜಿಯ ಹೆಸರಿಟ್ಟುಕೊಂಡವಳು, ಮನೆಯಲ್ಲಿ ಸುಲು. ಆಗ ಅವಳಿಗೆ ಎಂಟು ವರ್ಷ. ಅಷ್ಟು ದೊಡ್ಡವಳಾದರೂ ಕಿವಿ ಚುಚ್ಚಿರಲಿಲ್ಲ. ಯಾಕೆಂದರೆ ಅವಳ ಸೋದರಮಾವ ಮದುವೆಮನೆಯಲ್ಲಿ ಎಲೆ ಹಾಕಿಸುವ ವಿಷಯಕ್ಕೆ ಮುನಿಸಿಕೊಂಡು ಹೋದವನು ಮತ್ತೆ ಮಾತಾಡಿರಲಿಲ್ಲ. ಮಾವನಿಲ್ಲದೆ ಚುಚ್ಚಕೂಡದೆಂದು ಅಜ್ಜಿಯ ಹಟ. ಶಾಲೆಯಲ್ಲಿ ತೆಲುಗು ಹುಡುಗಿಯರು "ಬೋಡಿ ಚೆವುಲು" ಅಂತ ಆಡಿಕೊಳ್ಳುತ್ತಿದ್ದರು. ಬೋಳು ಕಿವಿಯವಳು ಅಂತ. ತಾಯಿ ಮಂಗಳಾಗೌರಿಗೆ ಪತ್ತಾರರ ಸುದ್ದಿ ಸಿಕ್ಕಿತು. ಬಂದು ಕೈಮುಗಿದು, "ನೀವೇ ನಮ್ಮಣ್ಣ ಅಂದ್ಕೋತೀನಿ" ಎಂದರಂತೆ.

ಹುಡುಗಿ ಕಡ್ಡಿಯಂತಿದ್ದಳು. ಆದರೂ ಗಟ್ಟಿಗಿತ್ತಿ, ಎಡಗಿವಿ ಚುಚ್ಚಿದಾಗ ತುಟಿ ಕಚ್ಚಿಕೊಂಡು ಕೂತಳೇ ಹೊರತು ಅಳಲಿಲ್ಲ. ಬಲಗಿವಿಗೆ ಪತ್ತಾರರು ಅರಿಶಿನದ ಚುಕ್ಕಿ ಇಡುತ್ತಿದ್ದಂತೆ ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಿದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. "ನಾವೆಲ್ಲಾ ನಕ್ವಿರಿ" ಎನ್ನುತ್ತಾರೆ ಪತ್ತಾರರು. "ಹೆದರಿ ಹಿಂಗಾತು ಅಂದ್ವಿ. ಆಕಿ ಬರೋದ್ರಾಗ ಮುಹೂರ್ತ ಹೋತು. ಇನ್ನೊಂದು ಕಿವಿ ಮುಂದಿನ ವಾರ ಅಂದೆ. ದೇವ್ರು ಕಣ್ಣ ಮುಂದ ಹಿಡಿದು ತೋರಿಸಿದ್ದ. ನಾವು ಹಲ್ಲ ಕಿಸದ್ವಿ."

ಆ ಮುಂದಿನ ವಾರ ಬರಲೇ ಇಲ್ಲ. ಎಡಗಿವಿಯಲ್ಲಿ ಸಣ್ಣ ಕೀವುಗುಳ್ಳೆ ಎದ್ದಿತು. ಒಡೆದು ಹುಣ್ಣಾಯಿತು. ಅಂಚು ನೇರಳೆ ಬಣ್ಣಕ್ಕೆ ತಿರುಗಿತು, ಮುಟ್ಟಿದರೆ ಹುಡುಗಿ ಚೀರುತ್ತಿದ್ದಳು. ಕೈಗುಣದ ಪತ್ತಾರರಿಗೆ ನಂಬಲಿಕ್ಕೇ ಆಗಲಿಲ್ಲ. ದಿನಾ ಬೆಳಿಗ್ಗೆ ಅವರ ಮನೆಗೆ ಹೋಗಿ ಬೇವಿನ ನೀರಿನಲ್ಲಿ ತೊಳೆದರು, ಹಕ್ಕಳೆ ಕಿತ್ತು ಸ್ವಚ್ಛ ಮಾಡಿದರು. ಸ್ವಚ್ಛ ಮಾಡಿದಷ್ಟೂ ಹುಣ್ಣು ಅಗಲವಾಯಿತು. ಕೊನೆಗೆ ಅವರಿಗೆ ಹೊಳೆದದ್ದು ಅಕ್ಕಸಾಲಿಗೆ ಮಾತ್ರ ಹೊಳೆಯುವಂಥದ್ದು: ತಂತಿಯಲ್ಲಿರುವ ತಾಮ್ರದ ಬೆರಕೆ ಹುಡುಗಿಗೆ ಆಗುತ್ತಿಲ್ಲ. ಅಪ್ಪಟ ಬಂಗಾರ ಹಾಕಿದರೆ ಮಾಯುತ್ತದೆ. ನಾಗಮ್ಮನ ಗುಂಡಿನ ಸರದಿಂದ ಒಂದು ಗುಂಡು ಕರಗಿಸಿ, ಶುದ್ಧ ಮಾಡಿ, ಹೊಸ ತಂತಿ ಎಳೆದರು. ಹಳೆಯದನ್ನು ತೆಗೆದು, ಹುಣ್ಣಿಗಿಂತ ತುಸು ಮೇಲೆ, ಗಟ್ಟಿ ಚರ್ಮ ನೋಡಿ ಹೊಸದಾಗಿ ಚುಚ್ಚಿದರು.

ಇದನ್ನು ಹೇಳುವಾಗ ಪತ್ತಾರರು ನನ್ನ ಮುಖ ನೋಡುವುದಿಲ್ಲ, ಕುಲುಮೆಯ ಬೂದಿ ಕೆದಕುತ್ತಾ ಕೂತಿರುತ್ತಾರೆ. "ಮೊದಲನೇ ಸಲ ಅಳಲಾರದ ಹುಡುಗಿ ಅವತ್ತ ಅತ್ಲು. 'ಮಾವ, ಬೇಡ ಮಾವ' ಅಂದ್ಲು. ತೊಡಿ ಮ್ಯಾಲೆ ಅವಚಿ ಹಿಡಕೊಂಡು ಚುಚ್ಚಿದ್ನಿರಿ. ಆಕಿ ಚಲೋದಕ್ಕ ಮಾಡಾಕತ್ತೀನಿ ಅಂತ ಹಿಡಕೊಂಡೆ."

ಎರಡನೇ ತೂತೂ ಹುಣ್ಣಾಯಿತು. ಎರಡೂ ಕೂಡಿ ಒಂದಾದವು. ಆಗ ನರಸಿಂಹಮೂರ್ತಿ ಮಗಳನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕರೆದೊಯ್ದರು. ಅಲ್ಲಿಯ ಸರ್ಜನ್ ಕೊಳೆತ ಭಾಗ ಕತ್ತರಿಸಿ ತೆಗೆದ. ಕತ್ತರಿಸಿದ ಅಂಚಿನಿಂದ ಹುಣ್ಣು ಮತ್ತೆ ಹೊರಟಿತು. ಆತ ಮತ್ತೆ ಕತ್ತರಿಸಿದ. ಎಡಗಿವಿಯ ಹಾಲೆ ಪೂರ್ತಿ ಹೋಯಿತು. ಅವತ್ತು ಸಂಜೆ ನರಸಿಂಹಮೂರ್ತಿ ಇದೇ ಓಣಿಗೆ ಬಂದು, ಮಾರ್ಕೆಟ್ಟಿನ ಜನರೆಲ್ಲ ನೋಡುತ್ತಿರುವಾಗ, "ನಿನ್ನ ಕೈ ಸೇದ್ಹೋಗ!" ಎಂದು ಶಾಪ ಹಾಕಿದರು. ಸಭ್ಯ ಮನುಷ್ಯ, ಹೊಟ್ಟೆಯ ಸಂಕಟಕ್ಕೆ ಬಾಯಿಗೆ ಬಂದದ್ದು ಅಂದುಬಿಟ್ಟರು. ಸ್ವಲ್ಪ ದಿನದಲ್ಲೇ ಅವರಿಗೆ ವಿಜಯವಾಡಕ್ಕೆ ವರ್ಗವಾಯಿತು.

ಕ್ವಾರ್ಟರ್ಸಿನಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು? ಪತ್ತಾರನ ಕೈಗುಣ ಕೆಟ್ಟಿತಂತೆ ಎಂದು ಜನ ಬರುವುದನ್ನೇ ಬಿಟ್ಟರು. ಪತ್ತಾರರು ಬೇರೆಯವರ ಅಂಗಡಿಯಲ್ಲಿ ಪಾಲಿಶ್ ಕೆಲಸಕ್ಕೆ ಹೋದರು. "ಮಂದಿ ಬರಲಿಲ್ಲಂತ ದುಃಖ ಆಗಲಿಲ್ರಿ ಇವರಿಗೆ. ಊಟಕ್ಕ ಕುಂತ್ರ ಕೈ ನೋಡ್ಕೊಂತ ಕುಂತಬಿಡೋರು. 'ಉಣ್ರೀ, ಆ ಕೈಲೇ ಉಣ್ಣಬೇಕು, ಬ್ಯಾರೆ ಕೈ ಎಲ್ಲಿಂದ ತರೂಣು' ಅಂತ ನಾ ಬೈತಿದ್ದೆ" ಎನ್ನುತ್ತಾರೆ ನಾಗಮ್ಮ.

ನಾನು ವಿಜಯವಾಡದ ರೈಲು ಹತ್ತಿದೆ. ಪಟಮಟದಲ್ಲಿ ನರಸಿಂಹಮೂರ್ತಿಯವರ ಮನೆ. ಕೆಲಸದಿಂದ ನಿವೃತ್ತರಾದರೂ ಮಗಳ ಕಾಲೇಜು, ಮಗಳ ಡಾಕ್ಟರು ಎರಡೂ ಇಲ್ಲೇ ಎಂದು ಅವರು ತಿಪಟೂರಿಗೆ ಮರಳಿಲ್ಲ. ಮಂಗಳಾಗೌರಿ ನನಗೆ ಕಾಫಿ ಕೊಟ್ಟು, ಗಂಡನನ್ನು ತರಕಾರಿ ತರಲು ಕಳಿಸಿ, ಬಾಗಿಲು ಮುಂದೆ ಮಾಡಿ ಕೂತರು. ಹೇಳಬೇಕೆಂದೇ ಕಾದಿದ್ದವರಂತೆ ಹೇಳಿದರು.

"ಕಿವಿ ಚುಚ್ಚಿಸೋಕ್ಕೆ ನಾಲ್ಕು ತಿಂಗಳು ಮೊದಲೇ ಅವಳ ಚಡ್ಡಿಯಲ್ಲಿ ರಕ್ತ ನೋಡಿದೆ ಕಣ್ರೀ. ಎಂಟು ವರ್ಷದ ಮಗು! ಇಷ್ಟು ಬೇಗ ಮೈನೆರೆದುಬಿಟ್ಟಳಾ ಅನ್ನಿಸ್ತು. ಅತ್ತೆಗೆ ಗೊತ್ತಾದ್ರೆ, ಜನಕ್ಕೆ ಗೊತ್ತಾದ್ರೆ, ಮುಂದೆ ಇವಳನ್ನ ಯಾರು ಕೇಳ್ತಾರೆ? ಯಜಮಾನ್ರಿಗೂ ಹೇಳಲಿಲ್ಲ. ಬಟ್ಟೆ ನಾನೇ ಕದ್ದು ಒಗೀತಿದ್ದೆ. ಹೊಟ್ಟೆನೋವು ಅಂದ್ರೆ, ಅದಕ್ಕೇ ಅಂದ್ಕೊಂಡೆ. ದಿನಕ್ಕೆ ಏಳೆಂಟು ಸಲ ಕಕ್ಕಸಿಗೆ ಓಡಿದ್ರೆ, ಪಾಪ, ನಾಚಿಕೆಗೆ ಹೋಗಿ ಕೂತಿರ್ತಾಳೆ ಅಂದ್ಕೊಂಡೆ. ಆ ರಕ್ತ ಎಲ್ಲಿಂದ ಬರ್ತಿದೆ ಅಂತ ಒಂದ್ಸಲಾನೂ ನೋಡಲಿಲ್ಲ. ತಾಯಿಯಾದವಳು ನೋಡಲಿಲ್ಲ."

ನಾನೂ ಹೆಣ್ಣು ಹೆತ್ತವಳು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಮೊದಲು ಬಾಗಿಲು ಹಾಕಿಕೊಳ್ಳುತ್ತಿದ್ದೆನೇನೋ. ಅದನ್ನು ನೆನೆದರೆ ನನ್ನ ಮೇಲೆಯೇ ನನಗೆ ಕೋಪ ಬರುತ್ತದೆ. ಇಂಥ ವಿಷಯಗಳನ್ನು ಮುಚ್ಚಿಡುವುದನ್ನೇ ಮರ್ಯಾದೆ ಎಂದು ನಮಗೆಲ್ಲ ಕಲಿಸಿದವರ ಮೇಲೂ ಬರುತ್ತದೆ.

ಕಿವಿ ಹುಣ್ಣಾದ ಹೊತ್ತಿಗೆ ಸುಲುವಿನ ಕಾಲಿನಲ್ಲೂ ಗುರುತು ಕಂಡಿತ್ತು. ಮೊಣಕಾಲಿನ ಕೆಳಗೆ, ಮೂಳೆಯ ಮುಂಭಾಗದಲ್ಲಿ, ಕೆಂಪಗೆ ಕಾದ ಗಂಟುಗಳು. ಮುಟ್ಟಿದರೆ ನೋವು. ಶಾಲೆಯ ಡ್ರಿಲ್ ಮೇಷ್ಟ್ರು ಬೆತ್ತದಿಂದ ಹೊಡೆದಿದ್ದಾನೆಂದು ನರಸಿಂಹಮೂರ್ತಿ ಶಾಲೆಗೆ ಹೋಗಿ ಕೂಗಾಡಿ ಬಂದಿದ್ದರು. ಪಾಪದ ಮೇಷ್ಟ್ರು ಮಗುವನ್ನು ಮುಟ್ಟಿಯೂ ಇರಲಿಲ್ಲ. ಕಿವಿಗೆ ಪತ್ತಾರ, ಕಾಲಿಗೆ ಮೇಷ್ಟ್ರು, ಹೊಟ್ಟೆಗೆ ಹುಡುಗಿಯ ನಾಚಿಕೆ. ಒಂದೇ ಮೈಯ ಮೂರು ತೊಂದರೆಗೆ ಮೂರು ಕಾರಣ ಹಿಡಿದುಕೊಂಡರು, ಮೂರನ್ನೂ ಸೇರಿಸಿ ನೋಡಿದವರು ಯಾರೂ ಇರಲಿಲ್ಲ.

ಸೇರಿಸಿ ನೋಡಿದವರು ವಿಜಯವಾಡದ ಚರ್ಮರೋಗದ ಡಾಕ್ಟರು ದುರ್ಗಾಪ್ರಸಾದ್. ಆಗ ಇನ್ನೂ ಹೊಸಬರು. ಕಿವಿಯ ಹುಣ್ಣಿನ ನೇರಳೆ ಅಂಚು ನೋಡಿದರು, ಕಾಲಿನ ಗಂಟು ಒತ್ತಿ ನೋಡಿದರು, ತಾಯಿಯನ್ನು ಮಾತ್ರ ಒಳಗೆ ಕರೆದು ಕೇಳಿದರು: ಮಲದಲ್ಲಿ ರಕ್ತ ಹೋಗುತ್ತದೆಯೇ ಅಮ್ಮಾ? ಮಂಗಳಾಗೌರಿ ಅಲ್ಲೇ ಕುಸಿದು ಕೂತು ಅತ್ತರು. ಹೈದರಾಬಾದಿಗೆ ಕಳಿಸಿ ಕರುಳಿನೊಳಗೆ ನಳಿಗೆ ಹಾಕಿ ನೋಡಿಸಿದಾಗ ದೊಡ್ಡ ಕರುಳಿನ ತುಂಬ ಹುಣ್ಣು.

ದುರ್ಗಾಪ್ರಸಾದರನ್ನು ಕಂಡೆ. ತೆಲುಗಿನಲ್ಲಿ ನಿಧಾನಕ್ಕೆ, ನನಗೆ ತಿಳಿಯುವ ಹಾಗೆ ಹೇಳಿದರು. ಇದು ಕರುಳು ತಾನಾಗಿಯೇ ಉರಿಯೆದ್ದು ಹುಣ್ಣಾಗುವ ಕಾಯಿಲೆ. ಮಕ್ಕಳಲ್ಲಿ ಅಪರೂಪ. ಕೆಲವರಲ್ಲಿ ಅದು ಚರ್ಮದ ಮೇಲೂ ಕಾಣಿಸಿಕೊಳ್ಳುತ್ತದೆ: ಕಾಲಿನಲ್ಲಿ ಗಂಟು, ಬಾಯಲ್ಲಿ ಹುಣ್ಣು. ಇನ್ನು ಕೆಲವರಲ್ಲಿ ಚರ್ಮಕ್ಕೆ ಸಣ್ಣ ಗಾಯವಾದರೂ ಸಾಕು, ಅಲ್ಲಿ ದೊಡ್ಡ ಹುಣ್ಣು ಏಳುತ್ತದೆ. ಅದು ನಂಜಲ್ಲ. ಆದ್ದರಿಂದ ಕೆರೆದಷ್ಟೂ, ಕತ್ತರಿಸಿದಷ್ಟೂ ಹೆಚ್ಚುತ್ತದೆ. ಸುಮ್ಮನೆ ಬಿಟ್ಟು ಹೊಟ್ಟೆಗೆ ಮದ್ದು ಕೊಡಬೇಕು. "ಕಿವಿಯಲ್ಲಿ ಹೀಗೆ ಬಂದದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ನನಗೂ ಅದೃಷ್ಟಕ್ಕೆ ಹೊಳೆಯಿತು. ಆ ಸರ್ಜನ್ನನ್ನೂ ಬೈಯಬೇಡಿ, ಅಕ್ಕಸಾಲಿಯನ್ನೂ ಬೈಯಬೇಡಿ" ಎಂದರು. ಮಾತ್ರೆ ಶುರುವಾದ ಮೇಲೆ ಸುಲುವಿನ ಮುಖ ಪೂರಿಯ ಹಾಗೆ ಊದಿಕೊಂಡಿತಂತೆ, ಆದರೆ ಕೆಲವೇ ವಾರದಲ್ಲಿ ಕಿವಿಯ ಹುಣ್ಣು ಒಣಗಿ ಮುಚ್ಚಿತು. ಹೋದ ಹಾಲೆ ಮಾತ್ರ ಹೋದದ್ದೇ.

ಹುಡುಗಿ ಸತ್ತೇಹೋದಳೇನೋ ಎಂಬ ಭಯದಲ್ಲಿ ಪತ್ತಾರರು ಒಂದು ದಿನ ಯಾರಿಗೂ ಹೇಳದೆ ವಿಜಯವಾಡಕ್ಕೆ ಹೋದರು. ಬ್ಯಾಂಕಿನಲ್ಲಿ ವಿಚಾರಿಸಿಕೊಂಡು ಪಟಮಟದ ಮನೆ ಬಾಗಿಲಿಗೆ ಬಂದು, ಒಳಗೆ ಹೋಗಲು ಧೈರ್ಯವಾಗದೆ ಗೇಟಿನಲ್ಲೇ ನಿಂತಿದ್ದರಂತೆ. ನರಸಿಂಹಮೂರ್ತಿ ಹೊರಗೆ ಬಂದರು. ತಾವೇ ಶಾಪ ಹಾಕಿದ್ದ ಪತ್ತಾರರ ಕೈಯನ್ನೇ ಹಿಡಿದುಕೊಂಡು, "ನಿಮ್ಮದೇನೂ ತಪ್ಪಿಲ್ಲ, ನನ್ನನ್ನು ಕ್ಷಮಿಸಿಬಿಡಿ" ಎಂದು ಅತ್ತರು. ಅವರೇ ಕರೆದೊಯ್ದಾಗ ಡಾಕ್ಟರೂ ಅದನ್ನೇ ಹೇಳಿ, ಹೊಟ್ಟೆ, ಬಾಯಿ, ಕಾಲಿನಲ್ಲಿ ಕಾಣುವ ಗುರುತುಗಳನ್ನು ವಿವರಿಸಿದರು. ಇಷ್ಟಾದ ಮೇಲೆ ಮನುಷ್ಯ ಹಗುರಾಗಬೇಕಲ್ಲವೇ? ನಾನು ಪತ್ತಾರರಿಗೆ ಹಾಗೆಂದೇ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಮೊದಲನೇದು ಗೊತ್ತಿಲ್ಲದ ಆತು, ಒಪ್ತೀನಿ. ಎರಡನೇದು? ಕೂಸು ಬ್ಯಾಡಂತು. ಡಾಕ್ಟರ್ ಮಾತಿಗಿಂತ ಮೊದಲ ಅದು ಹೇಳಿತ್ತಲ್ಲರೀ."

ಆಮೇಲೆ ನೌಕಾಪಡೆಯ ಹೊಸ ಸಂಸಾರಗಳು ಬಂದವು, ಹಳೆಯ ಮಾತು ಮರೆತುಹೋಯಿತು. ಜನ ಮತ್ತೆ ಮಕ್ಕಳನ್ನು ತಂದರು. ಪತ್ತಾರರು ಚುಚ್ಚುತ್ತಾರೆ, ಆದರೆ ಮೊದಲು ಆ ಪ್ರಶ್ನೆ, ಬಾಯಿ, ಕಾಲು. ಈಗೀಗ ಮಧುರವಾಡದಂಥ ದೂರದಿಂದ ಬರುವವರೂ ಇದ್ದಾರೆ, ಬಂದಷ್ಟೇ ಬೇಗ ಬೈದುಕೊಂಡು ಹೋಗುವವರೂ ಇದ್ದಾರೆ. ಸೊಳ್ಳೆ ಕಡಿತಕ್ಕೆ, ಬಿದ್ದ ಗಾಯಕ್ಕೆ, ಹಲ್ಲು ಬರುವಾಗಿನ ಭೇದಿಗೆ ಎಲ್ಲಕ್ಕೂ ವಾಪಸ್ ಕಳಿಸುತ್ತಾರೆ. ಕೆಲವರನ್ನು ಇಲ್ಲಿಯವರು ಪೆದ್ದಾಸ್ಪತ್ರಿ ಎನ್ನುವ ಸರ್ಕಾರಿ ದೊಡ್ಡಾಸ್ಪತ್ರೆಗೆ ಹೋಗಿರೆಂದು ಅಟ್ಟಿದ್ದಾರೆ; ಅಲ್ಲಿಯ ಡಾಕ್ಟರುಗಳು ಬಿದ್ದು ಬಿದ್ದು ನಕ್ಕು ಜಂತುಹುಳದ ಔಷಧಿ ಕೊಟ್ಟು ಕಳಿಸಿದ್ದಾರೆ. ಸುಲುವಿನ ಕಾಯಿಲೆ ಇರುವ ಇನ್ನೊಂದು ಮಗು ಇವತ್ತಿನವರೆಗೂ ಸಿಕ್ಕಿಲ್ಲ. "ಸಿಗೂದು ಬ್ಯಾಡ್ರಿ. ನಗಲಿ ಅವರು. ನಕ್ಕೋಂತನ ಇರಲಿ" ಎನ್ನುತ್ತಾರೆ.

ಸುಲುವಿಗೆ ಈಗ ಹತ್ತೊಂಬತ್ತು. ಬಿ.ಕಾಂ. ಓದುತ್ತಾಳೆ. ನಡುವೆ ಎರಡು ಸಲ ಕಾಯಿಲೆ ಕೆದರಿ ಆಸ್ಪತ್ರೆ ಸೇರಿದ್ದಳು, ಮೂರು ವರ್ಷದಿಂದ ತಣ್ಣಗಿದೆ. ಎಡಗಡೆ ಕೂದಲು ಇಳಿಬಿಟ್ಟುಕೊಳ್ಳುತ್ತಾಳೆ. ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ, "ಪತ್ತಾರ ಮಾವಗಾರು ಹೇಗಿದ್ದಾರೆ ಆಂಟಿ?" ಎಂದು ಕೇಳಿದಳು. ಅವಳ ಕನ್ನಡದ ತುಂಬ ತೆಲುಗು. ತಾಯಿ ಒಳಗೆ ಹೋದ ಮೇಲೆ ನನ್ನ ಪಕ್ಕ ಬಂದು ಕೂತಳು.

"ಹೋದ ವರ್ಷ, ಅದರ ಹಿಂದಿನ ವರ್ಷ, ಎರಡು ಸಲ ವೈಜಾಗಿಗೆ ಹೋಗಿ ಅವರ ಚಾಪೆ ಮೇಲೆ ಕೂತೆ ಆಂಟಿ. ಬಲಗಿವಿ ಚುಚ್ಚಿ ಮಾವಗಾರು ಅಂದೆ. ನಿಜಂಗಾ, ಅಳೋದೊಂದು ಬಾಕಿ. ಅವರು ಎದ್ದು ಹೊರಟೇ ಹೋದರು. ಸಂಜೆವರೆಗೂ ಮನೆಗೆ ಬರಲಿಲ್ಲ. ನಾನು ಹೋಗೋ ರೈಲು ಹೊತ್ತಾಗೋವರೆಗೂ ಎಲ್ಲೋ ಸಮುದ್ರದ ಹತ್ರ ಕೂತಿದ್ದರಂತೆ. ಅವರೇ ಚುಚ್ಚಲಿ ಅಂತ ನನಗೆ ಆಸೆ ಇತ್ತು. ನನ್ನ ನೋಡಿದಾಗೆಲ್ಲ ಆ ಮುಖ ಮಾಡ್ಕೋತಾರಲ್ಲ, ಅದು ಹೋಗಲಿ ಅಂತ. ಒಂದು ಕಿವಿ ಆದರೂ ಸರಿಹೋದರೆ ಅವರಿಗೆ ಸಮಾಧಾನ ಆಗತ್ತೆ ಕದಾ?"

ಹಾಗೆನ್ನುತ್ತ ಬಲಗಡೆಯ ಕೂದಲು ಹಿಂದೆ ಸರಿಸಿದಳು. ಕಿವಿಯಲ್ಲಿ ಒಂದು ಸಣ್ಣ ಬಿಳಿ ಹರಳು.

ನಾನು ಬೆಚ್ಚಿದೆ. ದುರ್ಗಾಪ್ರಸಾದರನ್ನು ಕೇಳಿದ್ದಳಂತೆ. ಚುಚ್ಚಿಸಲೇಬೇಕೇ ಎಂದರಂತೆ. ಹೂಂ ಎಂದಳಂತೆ. ಕಾಯಿಲೆ ತಣ್ಣಗಿದೆ, ಆದರೂ ಅಪಾಯ ಇಲ್ಲವೆಂದು ಹೇಳಲಾರೆ, ಒಂದು ಗುಳ್ಳೆ ಕಂಡರೂ ಅವತ್ತೇ ಓಡಿ ಬಾ ಎಂದರಂತೆ. ಬೀಸೆಂಟ್ ರೋಡಿನ ಬ್ಯೂಟಿ ಪಾರ್ಲರಿನಲ್ಲಿ, ಪಿಸ್ತೂಲಿನಂಥ ಯಂತ್ರ ಹಿಡಿದ ಹುಡುಗಿಯೊಬ್ಬಳು, ಸಿನಿಮಾ ಹಾಡು ಕೇಳುತ್ತ, ಇವಳ ಮುಖವನ್ನೂ ಸರಿಯಾಗಿ ನೋಡದೆ ಟಕ್ಕೆಂದು ಚುಚ್ಚಿ ಕಳಿಸಿದಳು. ಸುಲು 'ನಾಳೆ ಆಗತ್ತೆ, ನಾಡಿದ್ದು ಆಗತ್ತೆ' ಎಂದು ಕನ್ನಡಿ ಮುಂದೆ ಕಾದಳು. ಏನೂ ಆಗಲಿಲ್ಲ. ಎಲ್ಲ ಹುಡುಗಿಯರಿಗೆ ಮಾಯುವ ಹಾಗೆ ಮಾಯಿತು. ಇದು ಆಗಿ ಎರಡು ತಿಂಗಳು.

"ಮಾವಗಾರಿಗೆ ನಾನು ಹೇಳಿಲ್ಲ ಆಂಟಿ. ಹೇಳಕ್ಕಾಗಲ್ಲ. ನೀವು ಹೇಳ್ತೀರಾ?"

ಇಂಥ ಕೆಲಸ ಯಾರಿಗೆ ಬೇಕು ಹೇಳಿ? ಆದರೂ ಒಪ್ಪಿಕೊಂಡೆ.

ಮತ್ತೆ ವಿಶಾಖಪಟ್ಟಣ, ಮತ್ತೆ ಬೆಳಗಿನ ಜಾವ. ಪತ್ತಾರರು ಒಂದು ಮಗುವಿನ ಎರಡೂ ಕಿವಿ ಚುಚ್ಚಿ ಮುಗಿಸಿದ್ದಾರೆ. ಬೆಲ್ಲ ಚೀಪುತ್ತ ಅದು ತಾಯಿಯ ಸೊಂಟ ಏರಿ ಹೋಗುತ್ತದೆ. ಕೈ ತೊಳೆಯುತ್ತಿದ್ದ ಅವರಿಗೆ ನಾನು ವಿಷಯ ಹೇಳುತ್ತೇನೆ. ಅವರು ತಂಬಿಗೆ ಕೆಳಗಿಡುತ್ತಾರೆ.

"ಯಾರು ಚುಚ್ಚಿದ್ರು?"

ಹೇಳುತ್ತೇನೆ.

"ಕೀವಾತೇನು?"

"ಇಲ್ಲ."

"ಆಕಿ ಅತ್ಲೇನು?"

"ಇಲ್ಲವಂತೆ. ಪೂರ್ತಿ ಮಾಯ್ದಿದೆ. ನಾನೇ ಕಣ್ಣಾರೆ ನೋಡಿ ಬಂದೆ."

ಪತ್ತಾರರು ಗೋಡೆಗೆ ಆತು ಕೂರುತ್ತಾರೆ. ಬಾಗಿಲಲ್ಲಿ ನಿಂತ ನಾಗಮ್ಮ, "ಚಲೋ ಆತಲ್ಲ! ಇನ್ನರ ನಗ್ರಿ" ಎನ್ನುತ್ತಾ ಸೆರಗಿನಿಂದ ತಮ್ಮ ಕಣ್ಣು ಒರೆಸಿಕೊಳ್ಳುತ್ತಾರೆ. ಪತ್ತಾರರು ನಿಜಕ್ಕೂ ನಗುತ್ತಾರೆ. "ಮಾಯ್ತಂತ" ಎಂದು ಹೆಂಡತಿಗೆ, ಆಕೆಯೂ ಕೇಳಿಸಿಕೊಂಡದ್ದನ್ನೇ, ಇನ್ನೊಮ್ಮೆ ಹೇಳುತ್ತಾರೆ. ನಾನು ಹೊರಡಲು ಎದ್ದಾಗ, ತಲೆ ಎತ್ತದೆ, ನನಗೋ ತಮಗೋ ತಿಳಿಯದ ಹಾಗೆ ಹೇಳುತ್ತಾರೆ:

"ಎರಡು ಸಲ ಬಂದು ಕಿವಿ ಒಡ್ಡಿದ್ಲರೀ ನನ್ನ ಮುಂದ. ಅದು ನನ್ನ ಕೈಲೆ ಮಾಯಬೇಕಾಗಿತ್ತು."